ಮರಳಿ ತರುವ ಮಾತು

ಅಮೆರಿಕದ ಅಧ್ಯಕ್ಷರು ಯಾರನ್ನೇ ರಾಯಭಾರಿಯೆಂದು ಹೆಸರಿಸಲಿ, ಸೆನೆಟ್ ಒಪ್ಪಿದ ಮೇಲೆಯೇ ಅವರು ಹೊರಡಬೇಕೆಂಬುದು ಅಲ್ಲಿನ ಸಂವಿಧಾನದ ಕಟ್ಟಳೆ. ಅದಕ್ಕಾಗಿ ಅವರು ಒಂದು ದಿನ ಸೆನೆಟಿನ ವಿದೇಶಾಂಗ ಸಮಿತಿಯ ಮುಂದೆ ಬಂದು ಕೂರುತ್ತಾರೆ. ಬೆನ್ನ ಹಿಂದೆ ಮನೆಮಂದಿ, ಎದುರಿಗೆ ಸೆನೆಟರುಗಳು, ಕೈಯಲ್ಲಿ ಹಲವರು ಕೂಡಿ ತಿದ್ದಿದ ಒಂದು ಹೇಳಿಕೆ. ಹೋಗಬೇಕಾದದ್ದು ಮಿತ್ರರಾಷ್ಟ್ರಕ್ಕಾದರೆ ಆ ಹೇಳಿಕೆಯ ಗುರಿಗಳು ಹೆಚ್ಚುಕಡಿಮೆ ಒಂದೇ ಬಗೆಯವು: ರಕ್ಷಣಾ ಸಹಕಾರವನ್ನು ಬಲಪಡಿಸುವುದು, ವ್ಯಾಪಾರದ ತೊಡಕುಗಳನ್ನು ಬಿಡಿಸುವುದು, ವಿದ್ಯಾರ್ಥಿಗಳ ಹೋಗಿಬರುವಿಕೆಯನ್ನು ಹೆಚ್ಚಿಸುವುದು, ಎರಡೂ ನಾಡಿನ ಜನರ ಬಾಂಧವ್ಯವನ್ನು ಇನ್ನಷ್ಟು ಗಟ್ಟಿಗೊಳಿಸುವುದು. 2013ರ ಸೆಪ್ಟೆಂಬರಿನಲ್ಲಿ ಜಪಾನಿನ ಹುದ್ದೆಗಾಗಿ ಆ ಸಮಿತಿಯ ಎದುರು ಕುಳಿತ ಕ್ಯಾರೊಲಿನ್ ಕೆನಡಿಯವರೂ ಇಂಥ ಮಾತುಗಳನ್ನೇ ಆಡಿದರು. ಅವುಗಳ ನಡುವೆ, 1978ರಲ್ಲಿ ಚಿಕ್ಕಪ್ಪ ಎಡ್ವರ್ಡ್ ಕೆನಡಿಯವರ ಜೊತೆ ಹಿರೋಶಿಮಾಕ್ಕೆ ಹೋದದ್ದು ತಮ್ಮನ್ನು ಆಳವಾಗಿ ತಟ್ಟಿತ್ತೆಂದು ಅವರು ನೆನೆದದ್ದು ಮಾತ್ರ ಇಂದಿಗೂ ಬೇರೆಯಾಗಿ ಕೇಳಿಸುತ್ತದೆ.

ಇಂಥ ಗುರಿಗಳು ಪೊಳ್ಳೆಂದು ನಾನು ತಿಳಿದಿಲ್ಲ. ಒಂದು ಕಾಲಕ್ಕೆ ಒಬ್ಬರನ್ನೊಬ್ಬರು ಸುಟ್ಟ ಎರಡು ನಾಡುಗಳು ಒಂದೇ ಜೀವಮಾನದೊಳಗೆ ಒಂದೇ ಮೇಜಿನ ಬಳಿ ಕೂರುವಂತಾದದ್ದು ಸಣ್ಣ ಸಂಗತಿಯಲ್ಲ, ಅದನ್ನು ಕಾಪಾಡುತ್ತೇನೆಂದು ಒಬ್ಬರು ಮಾತು ಕೊಡುವುದೂ ಸಣ್ಣದಲ್ಲ. ಆದರೆ ಸ್ನೇಹವನ್ನು ಗಟ್ಟಿಗೊಳಿಸಬೇಕೆಂದು ಹೊರಟವರು ಅದು ಎಲ್ಲಿ ಸಡಿಲವಾಗಿದೆಯೆಂದು ಮೊದಲು ನೋಡಬೇಡವೆ? ಹಗೆಯ ನಾಡಿಗೆ ಹೋಗುವ ದೂತನಿಗೆ ಅಪಾಯ ಎದುರಿಗೇ ಕಾಣುತ್ತದೆ, ಹಾಗಾಗಿ ಅವನ ಕಿವಿ ಎಚ್ಚರವಾಗಿರುತ್ತದೆ. ಮಿತ್ರರ ನಾಡಿಗೆ ಹೋಗುವವನ ಅಪಾಯ ಬೇರೆಯೇ. ಸುತ್ತಲೂ ಪರಿಚಿತ ನಗುಮುಖಗಳು, ಔತಣಗಳು, ಹೊಗಳಿಕೆಗಳು. ಈ ಸ್ನೇಹದಿಂದ ಲಾಭ ಪಡೆದವರೇ ದಿನವೂ ಅವನ ಬಾಗಿಲಿಗೆ ಬರುವುದರಿಂದ, ಅದರ ಭಾರವನ್ನು ಹೊತ್ತವರು ಇದ್ದಾರೆಂಬುದೇ ಅವನಿಗೆ ಮರೆತುಹೋಗಬಹುದು.

ಹೀಗೆ ಮರೆತದ್ದರ ಫಲ 1960ರ ಬೇಸಗೆಯಲ್ಲಿ ಟೋಕಿಯೋದ ಬೀದಿಗಳಲ್ಲಿ ಕಂಡಿತು. ಅಮೆರಿಕ-ಜಪಾನ್ ಭದ್ರತಾ ಒಪ್ಪಂದದ ಪರಿಷ್ಕೃತ ರೂಪಕ್ಕೆ ಆ ವರ್ಷದ ಜನವರಿಯಲ್ಲಿ ಸಹಿ ಬಿದ್ದಿತ್ತು. ಮೇ 19ರ ರಾತ್ರಿ, ಸಂಸತ್ತಿನೊಳಗೆ ಧರಣಿ ಕೂತಿದ್ದ ಸಮಾಜವಾದಿ ಸದಸ್ಯರನ್ನು ಪೊಲೀಸರ ಕೈಯಲ್ಲಿ ಎತ್ತಿ ಹೊರಗೊಯ್ಯಿಸಿ, ಪ್ರಧಾನಿ ನೊಬುಸುಕೆ ಕಿಶಿ ಅವರ ಪಕ್ಷ ಅದನ್ನು ಅಂಗೀಕರಿಸಿಬಿಟ್ಟಿತು. ಆಮೇಲೆ ಲಕ್ಷಾಂತರ ಜನ ಬೀದಿಗಿಳಿದರು. ಅಧ್ಯಕ್ಷ ಐಸೆನ್‌ಹೋವರ್ ಅವರ ಭೇಟಿಗೆ ಸಿದ್ಧತೆ ಮಾಡಲೆಂದು ಜೂನ್ 10ರಂದು ಹಾನೆದಾ ವಿಮಾನ ನಿಲ್ದಾಣದಲ್ಲಿ ಇಳಿದ ಪತ್ರಿಕಾ ಕಾರ್ಯದರ್ಶಿ ಹಾಗರ್ಟಿ ಅವರ ಕಾರನ್ನು ಜನ ಮುತ್ತಿದರು. ಅದೇ ಕಾರಿನಲ್ಲಿ ಅಮೆರಿಕದ ರಾಯಭಾರಿಯೂ ಇದ್ದರು, ಇಬ್ಬರನ್ನೂ ಹೆಲಿಕಾಪ್ಟರಿನಲ್ಲಿ ಹೊರಗೆ ತರಬೇಕಾಯಿತು. ಜೂನ್ 15ರಂದು ಸಂಸತ್ತಿನ ಆವರಣದ ನೂಕುನುಗ್ಗಲಿನಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯೊಬ್ಬಳು ಸತ್ತಳು. ಐಸೆನ್‌ಹೋವರ್ ಬರಲಿಲ್ಲ. ಕಿಶಿ ಅಧಿಕಾರ ಬಿಟ್ಟರು. ಒಪ್ಪಂದ ಮಾತ್ರ ಜೂನ್ 23ರಂದು ಜಾರಿಗೆ ಬಂತು. ಕಾಗದದ ಮೇಲೆ ಎರಡು ಸರ್ಕಾರಗಳ ನಂಟು ಹಿಂದೆಂದಿಗಿಂತ ಬಲವಾಗಿದ್ದ ಹೊತ್ತಿನಲ್ಲೇ ಜನರ ಮನಸ್ಸುಗಳ ನಡುವಿನ ದಾರಿ ಮುಚ್ಚಿಹೋಗಿತ್ತು.

ಆ ವರ್ಷದ ಅಕ್ಟೋಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಫಾರಿನ್ ಅಫೇರ್ಸ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಜಪಾನಿನೊಂದಿಗಿನ ಸಂವಾದ ಮುರಿದುಬಿದ್ದಿದೆ, ನಮ್ಮವರು ಆಳುವ ಪಕ್ಷದ ಮತ್ತು ಉದ್ಯಮದ ಮಂದಿಯ ಜೊತೆಗಷ್ಟೇ ಮಾತಾಡುತ್ತಾ ವಿರೋಧಪಕ್ಷ, ಲೇಖಕರು, ವಿದ್ಯಾರ್ಥಿಗಳು, ಕಾರ್ಮಿಕರು ಇವರಿಂದ ದೂರವೇ ಉಳಿದಿದ್ದಾರೆ ಎಂಬುದು ಅದರ ಸಾರ. ಬರೆದವರು ಎಡ್ವಿನ್ ರೈಷಾವರ್. ಕ್ಯಾರೊಲಿನ್ ಅವರ ತಂದೆ ಜಾನ್ ಕೆನಡಿ ಅಧ್ಯಕ್ಷರಾದ ಮೇಲೆ, ತಪ್ಪು ತೋರಿಸಿದ ಅವರನ್ನೇ ಕರೆದು, ನೀವೇ ಹೋಗಿ ಸರಿಪಡಿಸಿ ಎನ್ನುವಂತೆ, 1961ರಲ್ಲಿ ಟೋಕಿಯೋಗೆ ರಾಯಭಾರಿಯಾಗಿ ಕಳಿಸಿದರು. ಟೀಕಿಸಿದವನನ್ನು ಹತ್ತಿರಕ್ಕೆ ಕರೆಯುವ ಈ ಗುಣ ಅಧಿಕಾರದಲ್ಲಿರುವವರಲ್ಲಿ ಬಹಳ ವಿರಳ. ಅದಕ್ಕಾಗಿ ಕೆನಡಿಯವರನ್ನು ಮನಸಾರೆ ಮೆಚ್ಚುತ್ತೇನೆ.

ರೈಷಾವರ್ ಹುಟ್ಟಿದ್ದೇ ಟೋಕಿಯೋದಲ್ಲಿ, 1910ರಲ್ಲಿ, ಕ್ರೈಸ್ತ ಮಿಷನರಿ ದಂಪತಿಗಳ ಮಗನಾಗಿ. ತಂಗಿಗೆ ಕಿವಿ ಕೇಳುತ್ತಿರಲಿಲ್ಲವೆಂದು ತಂದೆತಾಯಿ ಆ ಊರಿನಲ್ಲಿ ಕಿವುಡ ಮಕ್ಕಳಿಗೆ ಮಾತು ಕಲಿಸುವ ಒಂದು ಶಾಲೆಯನ್ನೇ ತೆರೆದರು. ತಮ್ಮ ಮನೆಯ ನೋವನ್ನು ನೆರೆಹೊರೆಯ ಮಕ್ಕಳ ಪಾಲಿನ ವರವಾಗಿಸಿದ ಆ ತಂದೆತಾಯಿಯರ ಬಗ್ಗೆ ಓದಿದಾಗಲೆಲ್ಲ ನನಗೆ ಅವರ ಮಗನಿಗಿಂತ ಅವರ ಮೇಲೆಯೇ ಹೆಚ್ಚು ಗೌರವ ಹುಟ್ಟುತ್ತದೆ. ಅಣ್ಣ ರಾಬರ್ಟ್ 1937ರಲ್ಲಿ ಶಾಂಘೈನಲ್ಲಿ, ಚೀನಾ-ಜಪಾನ್ ಯುದ್ಧದ ಮೊದಮೊದಲ ದಿನಗಳಲ್ಲಿ ಬಾಂಬಿಗೆ ಬಲಿಯಾದರು. 1956ರಲ್ಲಿ ರೈಷಾವರ್ ಮದುವೆಯಾದ ಹರು ಮತ್ಸುಕಾತಾ ಪತ್ರಕರ್ತೆ; ಅವರ ಅಜ್ಜ ಮೆಯ್ಜಿ ಕಾಲದಲ್ಲಿ ಎರಡು ಸಲ ಜಪಾನಿನ ಪ್ರಧಾನಿಯಾಗಿದ್ದವರು. ಭಾಷೆ, ಬಾಲ್ಯ, ಮನೆ, ಸಾವು ಎಲ್ಲವೂ ಆ ನಾಡಿಗೆ ಹೆಣೆದುಕೊಂಡಿದ್ದ ಇಂಥ ಮನುಷ್ಯ ರಾಯಭಾರಿಯಾಗಿ ದೊರೆಯುವುದು ಅಪರೂಪ.

ಹಾಗೆಂದು, ಒಂದು ನಾಡನ್ನು ಬಲ್ಲವನು ಅದರ ಹಿತವನ್ನೇ ಬಯಸುತ್ತಾನೆಂದು ಹೇಳಲಾಗದು. ಬಲ್ಲವನು ಬಳಸಿಕೊಳ್ಳಲೂ ಬಲ್ಲ. 1942ರ ಸೆಪ್ಟೆಂಬರಿನಲ್ಲಿ ಇದೇ ರೈಷಾವರ್, ಯುದ್ಧ ಗೆದ್ದ ಮೇಲೆ ಜಪಾನಿನ ಚಕ್ರವರ್ತಿಯನ್ನು ಸೂತ್ರದ ಬೊಂಬೆಯಂತೆ ಮುಂದಿಟ್ಟುಕೊಳ್ಳಬಹುದೆಂದು ತಮ್ಮ ಸರ್ಕಾರಕ್ಕೆ ಟಿಪ್ಪಣಿ ಬರೆದಿದ್ದರು. ಹುಟ್ಟಿದೂರಿನ ಮೇಲಿನ ಮಮತೆ, ಆ ಊರನ್ನು ಆಳಲು ಬೇಕಾದ ತಿಳಿವಳಿಕೆ, ಎರಡೂ ಒಂದೇ ತಲೆಯಲ್ಲಿ ಜಗಳವಿಲ್ಲದೆ ಇದ್ದವು. ನಮ್ಮಲ್ಲಿ ಎಷ್ಟು ಮಂದಿಯ ತಲೆಯಲ್ಲಿ ಹೀಗಿಲ್ಲ? ಹತ್ತಿರದವರ ಗುಟ್ಟು, ದೌರ್ಬಲ್ಯ, ಗೌರವದ ನೆಲೆ ಇವನ್ನೆಲ್ಲ ಪ್ರೀತಿಯಿಂದಲೇ ಅರಿತಿರುತ್ತೇವೆ. ನಮ್ಮ ಕೆಲಸ ಸಾಗಬೇಕಾದಾಗ ಆ ಅರಿವನ್ನೇ ಹತ್ಯಾರ ಮಾಡಿಕೊಳ್ಳುತ್ತೇವೆ.

ರಾಯಭಾರಿಯಾದ ಮೇಲೆ ಅವರು ಮಾಡಿದ್ದು ತಮ್ಮ ಲೇಖನಕ್ಕೆ ತಕ್ಕ ಕೆಲಸ. ಕಾರ್ಮಿಕ ಮುಖಂಡರನ್ನು, ಎಡಪಂಥದ ಚಿಂತಕರನ್ನು, ವಿಶ್ವವಿದ್ಯಾಲಯದವರನ್ನು ಹುಡುಕಿ ಹೋಗಿ ಮಾತಾಡಿದರು, ಊರೂರು ತಿರುಗಿದರು, ಜಪಾನೀ ಭಾಷೆಯಲ್ಲೇ ಚರ್ಚಿಸಿದರು. ಗೆದ್ದವರು-ಸೋತವರು ಎಂಬ ಭಾವನೆ ಹೋಗಿ ಎರಡು ನಾಡುಗಳು ಸಮಾನ ಪಾಲುದಾರರಾಗಬೇಕೆಂದು ಮತ್ತೆ ಮತ್ತೆ ಹೇಳಿದರು. ತನ್ನನ್ನು ಒಪ್ಪದವರ ಎದುರು ಗಂಟೆಗಟ್ಟಲೆ ಕೂತು ಕೇಳಿಸಿಕೊಳ್ಳುವುದು, ಕೇಳಿಸಿಕೊಂಡ ಮೇಲೂ ಒಪ್ಪದೆ ಇರುವುದು, ಒಪ್ಪದಿದ್ದರೂ ಮತ್ತೆ ಬರುತ್ತೇನೆಂದು ಹೇಳಿ ಏಳುವುದು, ಇದು ಕೌಶಲಕ್ಕಿಂತ ಸ್ವಭಾವದ ಮಾತು. ಸಮಿತಿಯ ಎದುರು ಓದುವ ಹೇಳಿಕೆಯಲ್ಲಿ ಇದನ್ನು ಗುರಿಯೆಂದು ಬರೆಯಲು ಬಾರದು. ಆದರೂ ಒಂದು ಸ್ನೇಹ ಉಳಿಯುವುದು ಬಹುಮಟ್ಟಿಗೆ ಇದರಿಂದಲೇ.

1964ರ ಮಾರ್ಚ್ 24ರಂದು ರಾಯಭಾರ ಕಚೇರಿಯ ಬಾಗಿಲಲ್ಲೇ ಹತ್ತೊಂಬತ್ತು ವರ್ಷದ ಮಾನಸಿಕ ಅಸ್ವಸ್ಥ ಯುವಕನೊಬ್ಬ ಅವರ ತೊಡೆಗೆ ಚಾಕು ಹಾಕಿದ. ರಕ್ತ ಬಹಳ ಹೋಗಿತ್ತು, ಆಸ್ಪತ್ರೆಯಲ್ಲಿ ಜಪಾನೀಯರ ರಕ್ತ ಕೊಟ್ಟು ಉಳಿಸಿದರು. ಈಗ ತಮ್ಮ ಮೈಯಲ್ಲಿ ಜಪಾನಿನ ರಕ್ತವೂ ಹರಿಯುತ್ತಿದೆ ಎಂಬರ್ಥದ ಮಾತಾಡಿ ಅವರು ನಾಚಿಕೆಯಿಂದ ತಲೆತಗ್ಗಿಸಿದ್ದ ಆ ನಾಡನ್ನು ಸಂತೈಸಿದರು. ಪ್ರಧಾನಿ ಇಕೆದಾ ಅಮೆರಿಕದ ಜನರ ಕ್ಷಮೆ ಕೇಳಿದರು. ಪೊಲೀಸ್ ವ್ಯವಸ್ಥೆಯ ಹೊಣೆ ಹೊತ್ತ ಸಚಿವರು ರಾಜೀನಾಮೆ ಕೊಟ್ಟರು. ಆದರೆ ಆ ರಕ್ತದ ಜೊತೆಗೆ ಕಾಮಾಲೆಯ ಸೋಂಕೂ ಬಂದಿತ್ತು. ಹೊಟ್ಟೆಪಾಡಿಗಾಗಿ ಬಡವರು ಪದೇಪದೇ ಮಾರುತ್ತಿದ್ದ ರಕ್ತವನ್ನೇ ನೆಚ್ಚಿಕೊಂಡಿದ್ದ ಆ ದೇಶ, ಅದೇ ವರ್ಷದ ಆಗಸ್ಟಿನಲ್ಲಿ ಸಂಪುಟದ ನಿರ್ಧಾರದ ಮೂಲಕ ಸ್ವಯಂಪ್ರೇರಿತ ರಕ್ತದಾನದ ಕಡೆಗೆ ತಿರುಗಿತು.

ಈ ಘಟನೆಯನ್ನು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ ಹೇಳುತ್ತಾರೆ, ಕೇಳಲು ಹಿತವಾಗಿದೆ. ನನಗೆ ಅದರ ಇನ್ನೊಂದು ಮಗ್ಗುಲು ಬಿಡದೆ ಕಾಡುತ್ತದೆ. ಇರಿದವನು ಕಾಯಿಲೆಯವನೆಂದು ತಿಳಿದ ಕೂಡಲೇ, ಮನೋರೋಗಿಗಳನ್ನು ಹೊರಗೆ ಬಿಡಬಾರದೆಂಬ ಕೂಗು ಜಪಾನಿನಲ್ಲಿ ಎದ್ದಿತು. 1965ರಲ್ಲಿ ಮಾನಸಿಕ ಆರೋಗ್ಯದ ಕಾಯಿದೆಗೆ ತಿದ್ದುಪಡಿಯಾದಾಗ ಆ ಭಯದ ನೆರಳು ಅದರ ಮೇಲೂ ಬಿತ್ತು. ಮಿತ್ರರಾಷ್ಟ್ರದ ಎದುರು ತನಗಾದ ನಾಚಿಕೆಯನ್ನು ತೊಳೆದುಕೊಳ್ಳುವ ಆತುರದಲ್ಲಿ ಒಂದು ಸಮಾಜ ತನ್ನೊಳಗಿನ ಅತ್ಯಂತ ದುರ್ಬಲರನ್ನು ಸಂಶಯದಿಂದ ನೋಡತೊಡಗಿತು. ನೆಂಟರ ಮುಂದೆ ಮರ್ಯಾದೆ ಹೋಯಿತೆಂದು ಮನೆಯ ಮಗುವಿಗೆ ಹೊಡೆಯುವ ತಾಯ್ತಂದೆಯರನ್ನು ನಾವು ಕಂಡಿಲ್ಲವೆ? ರಾಷ್ಟ್ರಗಳ ಗೆಳೆತನದ ಲೆಕ್ಕ ಬರೆಯುವವರು ಈ ಬಾಬತ್ತನ್ನು ಎಲ್ಲಿ ಬರೆಯುತ್ತಾರೆ?

ರೈಷಾವರ್ ಅವರ ಬಾಳಿನ ಇನ್ನೂ ಕಷ್ಟದ ಭಾಗ ಇದಲ್ಲ, ಅವರ ಮೌನ. ಅಣುಬಾಂಬಿನ ಪೆಟ್ಟು ತಿಂದ ಜಪಾನಿನ ಜನ ತಮ್ಮ ನೆಲದಲ್ಲಿ, ತಮ್ಮ ಬಂದರುಗಳಲ್ಲಿ ಅಣ್ವಸ್ತ್ರ ಬರಕೂಡದೆಂದು ಪಟ್ಟು ಹಿಡಿದಿದ್ದರು. ಬರುವುದಿಲ್ಲವೆಂದು ಸರ್ಕಾರ ಸಂಸತ್ತಿನಲ್ಲಿ ಹೇಳುತ್ತಲೇ ಇತ್ತು. 1963ರ ಏಪ್ರಿಲ್‌ನಲ್ಲಿ ರಾಯಭಾರಿ ರೈಷಾವರ್ ವಿದೇಶಾಂಗ ಸಚಿವ ಓಹಿರಾ ಅವರನ್ನು ಖಾಸಗಿಯಾಗಿ ಕಂಡು, ಅಣ್ವಸ್ತ್ರ ಹೊತ್ತ ಅಮೆರಿಕದ ಹಡಗುಗಳು ಬಂದರಿಗೆ ಬಂದುಹೋಗುವುದಕ್ಕೆ ಆ ನಿರ್ಬಂಧ ಅನ್ವಯಿಸುವುದಿಲ್ಲವೆಂಬ ತಮ್ಮ ಸರ್ಕಾರದ ನಿಲುವನ್ನು ತಿಳಿಸಿದರು. ಸಚಿವರು ಅದನ್ನು ಕೇಳಿಕೊಂಡರು. ಜನರಿಗೆ ಯಾರೂ ಹೇಳಲಿಲ್ಲ. ಮುರಿದ ಸಂವಾದವನ್ನು ಕೂಡಿಸಲು ಬಂದವರೇ, ಇಡೀ ಜನತೆಗೆ ಅತ್ಯಂತ ಮುಖ್ಯವಾಗಿದ್ದ ಒಂದು ಸಂಗತಿಯಲ್ಲಿ ಮೌನದ ಕಾವಲುಗಾರರಾದರು.

ಅವರನ್ನು ಅಪ್ರಾಮಾಣಿಕರೆನ್ನಲು ನನಗೆ ಮನಸ್ಸು ಬಾರದು. ಹುದ್ದೆಯ ಕರ್ತವ್ಯ ಅದಾಗಿತ್ತು. ಆ ಕಾಲದಲ್ಲಿ ಯಾವ ರಾಯಭಾರಿಯಾದರೂ ಹಾಗೆಯೇ ನಡೆದುಕೊಳ್ಳುತ್ತಿದ್ದರೇನೋ. ಆದರೆ ಇಲ್ಲಿ ಗೆಳೆತನದ ಒಂದು ಕಹಿಯಾದ ಸತ್ಯವಿದೆ. ಎರಡು ಸರ್ಕಾರಗಳು ಎಷ್ಟು ಹತ್ತಿರವಾಗುತ್ತವೆಯೋ ಅಷ್ಟರಮಟ್ಟಿಗೆ ಅವು ತಮ್ಮ ತಮ್ಮ ಜನರಿಂದ ದೂರವಾಗುವ ಸಾಧ್ಯತೆಯೂ ಇದೆ. ಬಚ್ಚಿಟ್ಟ ಮಾತು ಇಬ್ಬರನ್ನು ಬಿಗಿಯಾಗಿ ಬೆಸೆಯುತ್ತದೆ, ನಿಜ. ಅಂಥ ಬೆಸುಗೆಯನ್ನೂ ನಾವು ಬಾಂಧವ್ಯವೆಂದೇ ಕರೆಯೋಣವೆ? 1981ರ ಮೇ ತಿಂಗಳಲ್ಲಿ, ಹುದ್ದೆ ಬಿಟ್ಟು ಹದಿನೈದು ವರ್ಷ ಕಳೆದ ಮೇಲೆ, ರೈಷಾವರ್ ಮೈನಿಚಿ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ ಆ ಹಡಗುಗಳ ವಿಷಯವನ್ನು ತಾವೇ ಹೊರಹಾಕಿದರು. ಜಪಾನಿನಲ್ಲಿ ಕೋಲಾಹಲವೆದ್ದಿತು, ಸರ್ಕಾರ ಹಾಗೇನಿಲ್ಲವೆಂದಿತು. 2010ರ ಮಾರ್ಚಿನಲ್ಲಿ ಜಪಾನಿನ ವಿದೇಶಾಂಗ ಇಲಾಖೆಯೇ ನೇಮಿಸಿದ ತಜ್ಞರ ಸಮಿತಿ, ಹೇಳದೆ ಒಪ್ಪಿಕೊಂಡ ಒಂದು ತಿಳಿವಳಿಕೆ ಇದ್ದದ್ದು ನಿಜವೆಂದು ವರದಿ ಕೊಟ್ಟಾಗ, ಆ ಮಾತನ್ನು ಹೊರಹಾಕಿದ್ದ ರೈಷಾವರ್ ತೀರಿಕೊಂಡು ಇಪ್ಪತ್ತು ವರ್ಷಗಳಾಗುತ್ತಿದ್ದವು.

ನಮ್ಮ ಭಾರತಕಥೆಯಲ್ಲಿ ರಾಯಭಾರವೆಂದರೆ ಎಲ್ಲರಿಗೂ ನೆನಪಾಗುವುದು ಕೃಷ್ಣ. ತಾಳಮದ್ದಳೆಯಲ್ಲಿ ಇರುಳು ಕಳೆದು ಬೆಳಗಾಗುವವರೆಗೆ ಸಂಧಾನದ ವಾದ ಕೇಳಿದವರಿಗೆ ಅದು ಸಹಜ. ಆದರೆ ಈ ವಿಷಯ ಯೋಚಿಸುವಾಗ ನನ್ನ ಮನಸ್ಸು ಹೋಗುವುದು ಸಂಜಯನ ಕಡೆಗೆ. ಅವನು ಧೃತರಾಷ್ಟ್ರನ ದೂತನಾಗಿ ಪಾಂಡವರಲ್ಲಿಗೆ ಹೋದವನು. ಯುದ್ಧ ಬೇಡವೆಂದು ಒಳ್ಳೆಯ ಮಾತಾಡಿ ಬಾ, ಕೊಡುವುದರ ಪ್ರಸ್ತಾಪ ಮಾತ್ರ ಬೇಡ ಎಂಬಂಥ ಕೆಲಸಕ್ಕೆ ಕಳಿಸಿದ್ದರು. ಅಲ್ಲಿ ಅವನು ಒಡೆಯನ ಮಾತನ್ನು ನಿಷ್ಠೆಯಿಂದ ಹೇಳಿದ, ಎದುರಿನವರ ಮಾತನ್ನು ಅಷ್ಟೇ ನಿಷ್ಠೆಯಿಂದ ಕೇಳಿದ. ಅವನ ದೊಡ್ಡತನ ಕಾಣುವುದು ಹಸ್ತಿನಾವತಿಗೆ ಮರಳಿದ ಮೇಲೆ. ಆ ರಾತ್ರಿಯೇ ದೊರೆಯ ಎದುರು ನಿಂತು, ತಪ್ಪು ನಿನ್ನದು ಎಂದು ಸಂಜಯ ನೇರವಾಗಿ ಹೇಳಿ, ಉಳಿದದ್ದನ್ನು ನಾಳೆ ಸಭೆಯಲ್ಲಿ ಹೇಳುತ್ತೇನೆಂದು ಹೊರಟುಹೋದ. ದೊರೆಗೆ ನಿದ್ದೆ ಹತ್ತಲಿಲ್ಲ, ವಿದುರನಿಗೆ ಹೇಳಿಕಳಿಸಿದ. ವಿದುರನೀತಿಯೆಂದು ನಾವು ಇಂದಿಗೂ ಓದುವುದೆಲ್ಲ, ಒಬ್ಬ ದೂತ ಹೊತ್ತು ತಂದ ಕಹಿಸುದ್ದಿಯಿಂದ ಕೆಟ್ಟ ಆ ನಿದ್ದೆಯ ಫಲ.

ರಾಯಭಾರಿ ಕೊಂಡೊಯ್ಯುವ ಮಾತನ್ನು ಎಲ್ಲರೂ ಗಮನಿಸುತ್ತಾರೆ, ಮರಳಿ ತರುವ ಮಾತನ್ನು ಕೇಳುವವರು ಕಡಿಮೆ. ಸೆನೆಟ್ ಸಮಿತಿಯಲ್ಲಿ ಮಿತ್ರರಾಷ್ಟ್ರದಿಂದ ಏನು ಪಡೆದು ಬರುವಿರೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ: ರಕ್ಷಣೆಗೆ ಅವರು ಇನ್ನಷ್ಟು ವೆಚ್ಚ ಮಾಡುವಂತೆ ಹೇಳುವಿರಾ, ನಮ್ಮ ಸರಕಿಗೆ ಮಾರುಕಟ್ಟೆ ತೆರೆಸುವಿರಾ ಎಂದು. ನಮಗೆ ಕೇಳಲು ಇಷ್ಟವಿಲ್ಲದ ಯಾವ ಸಂಗತಿಯನ್ನು ಅಲ್ಲಿಂದ ತಂದು ನಮ್ಮ ಮುಂದಿಡುವಿರಿ ಎಂಬ ಪ್ರಶ್ನೆ ಅದರ ಜೊತೆಯಲ್ಲಿ ಏಳಬಾರದೇಕೆ? ಈ ಕೆಲಸವನ್ನು ರೈಷಾವರ್ ಓಕಿನಾವಾ ವಿಷಯದಲ್ಲಿ ಮಾಡಲೆತ್ನಿಸಿದರು. ಆ ದ್ವೀಪಗಳು ಆಗ ಜಪಾನಿನ ಕೈಯಲ್ಲಿರಲಿಲ್ಲ, ಅಮೆರಿಕದ ಸೇನೆಯ ಹೈಕಮಿಷನರ್ ಅವನ್ನು ಆಳುತ್ತಿದ್ದರು. ಅಲ್ಲಿಯವರ ಸ್ವಾಯತ್ತೆಯೆಂಬುದು ಕಟ್ಟುಕಥೆಯೆಂದು 1963ರಲ್ಲಿ ಬಹಿರಂಗವಾಗಿ ಹೇಳಿದ ಹೈಕಮಿಷನರ್ ಕ್ಯಾರವೇ ಅವರೊಂದಿಗೆ ರಾಯಭಾರಿಗೆ ತಿಕ್ಕಾಟವೇ ನಡೆಯಿತು. ಓಕಿನಾವಾವನ್ನು ಹಿಂದಿರುಗಿಸದೆ ಈ ಸ್ನೇಹ ಬಾಳದೆಂದು ಅವರು ವಾಷಿಂಗ್ಟನ್ನಿಗೆ ತಿಳಿಹೇಳಿದರು. 1972ರ ಮೇ 15ರಂದು ಓಕಿನಾವಾ ಜಪಾನಿಗೆ ಮರಳಿತು. ಸೇನಾ ನೆಲೆಗಳು ಅಲ್ಲೇ ಉಳಿದವು.

ಇನ್ನೊಬ್ಬರ ಹೆಸರನ್ನೂ ಇಲ್ಲಿ ಹೇಳದಿರಲಾರೆ. ಸೆನೆಟಿನ ಬಹುಮತ ನಾಯಕರಾಗಿದ್ದ ಮೈಕ್ ಮ್ಯಾನ್ಸ್‌ಫೀಲ್ಡ್ 1977ರಿಂದ 1988ರವರೆಗೆ ಟೋಕಿಯೋದಲ್ಲಿ ರಾಯಭಾರಿಯಾಗಿದ್ದರು. ಕಾಣಲು ಬಂದವರಿಗೆ ತಾವೇ ಕಾಫಿ ಮಾಡಿಕೊಡುವುದು ಅವರ ರೂಢಿ. 1981ರ ಏಪ್ರಿಲ್‌ನಲ್ಲಿ ಅಮೆರಿಕದ ಜಲಾಂತರ್ಗಾಮಿಯೊಂದು ನಿಶ್ಶೋ ಮಾರು ಎಂಬ ಜಪಾನೀ ಸರಕು ಹಡಗಿಗೆ ಡಿಕ್ಕಿ ಹೊಡೆದು ಅದನ್ನು ಮುಳುಗಿಸಿತು. ಇಬ್ಬರು ನಾವಿಕರು ಸತ್ತರು, ಜಪಾನ್ ಸರ್ಕಾರಕ್ಕೆ ಸುದ್ದಿ ತಲುಪಿದ್ದು ಒಂದು ದಿನಕ್ಕೂ ಹೆಚ್ಚು ತಡವಾಗಿ. ಅಪಘಾತದ ವರದಿಯನ್ನು ಜಪಾನಿನ ವಿದೇಶಾಂಗ ಸಚಿವರಿಗೆ ಒಪ್ಪಿಸುವಾಗ ಆ ವೃದ್ಧರು ಅಲ್ಲಿಯ ಪದ್ಧತಿಯಂತೆ ಸೊಂಟ ಬಗ್ಗಿಸಿ ತಲೆಬಾಗಿದರು. ಬಲಾಢ್ಯ ದೇಶವೊಂದರ ಪ್ರತಿನಿಧಿ ಬಾಗಿದರೆ ಅದರ ಘನತೆಗೆ ಕುಂದೆಂದು ಅವರು ಭಾವಿಸಲಿಲ್ಲ.

ಇಂದಿಗೂ ಈ ಮೈತ್ರಿಯ ಭಾರ ಎಲ್ಲರ ಮೇಲೂ ಒಂದೇ ಸಮನಾಗಿ ಬಿದ್ದಿಲ್ಲ. ಜಪಾನಿನ ಒಟ್ಟು ನೆಲದಲ್ಲಿ ಓಕಿನಾವಾದ ಪಾಲು ಶೇಕಡ 0.6 ಮಾತ್ರ, ಆದರೆ ಅಮೆರಿಕದ ಪಡೆಗಳಿಗೆಂದೇ ಮೀಸಲಾದ ಸೇನಾ ನೆಲೆಗಳ ನೆಲದಲ್ಲಿ ಸುಮಾರು ಶೇಕಡ 70 ಅಲ್ಲಿಯೇ ಇದೆ. ಅದೇ ದ್ವೀಪ 1945ರ ಕಾಳಗದಲ್ಲಿ ತನ್ನ ಜನರಲ್ಲಿ ನಾಲ್ಕರಲ್ಲೊಂದು ಪಾಲಿನಷ್ಟನ್ನು ಕಳೆದುಕೊಂಡಿತ್ತೆಂದು ಅಂದಾಜು. 1995ರಲ್ಲಿ ಮೂವರು ಅಮೆರಿಕನ್ ಸೈನಿಕರು ಹನ್ನೆರಡು ವರ್ಷದ ಶಾಲಾಬಾಲೆಯ ಮೇಲೆ ಅತ್ಯಾಚಾರ ಮಾಡಿದಾಗ ದ್ವೀಪಕ್ಕೆ ದ್ವೀಪವೇ ಎದ್ದುನಿಂತಿತು. ಆಗ ರಾಯಭಾರಿಯಾಗಿದ್ದ ವಾಲ್ಟರ್ ಮಾಂಡೇಲ್ ಕ್ಷಮೆ ಕೇಳಿದರು. 1996ರ ಏಪ್ರಿಲ್ 12ರಂದು ಪ್ರಧಾನಿ ಹಶಿಮೊಟೊ ಅವರೊಡನೆ ಕೂತು, ಗಿನೋವಾನ್ ನಗರದ ನಟ್ಟನಡುವೆ ಇರುವ ಫುತೆನ್ಮಾ ವಾಯುನೆಲೆಯನ್ನು ಐದರಿಂದ ಏಳು ವರ್ಷಗಳೊಳಗೆ ಮರಳಿಸುವುದಾಗಿ ಘೋಷಿಸಿದರು. ಏಳರ ಮೇಲೆ ಮತ್ತೆಷ್ಟೋ ಏಳು ವರ್ಷಗಳು ಕಳೆದವು, ವಿಮಾನಗಳು ಇನ್ನೂ ಆ ಮನೆಗಳ ಮೇಲೆಯೇ ಹಾರುತ್ತಿವೆ. ಬದಲಿ ನೆಲೆಗೆ ಗುರುತಿಸಿದ ಹೆನೊಕೊ ಕರಾವಳಿಯೂ ಓಕಿನಾವಾದ್ದೇ.

2019ರ ಫೆಬ್ರವರಿ 24ರಂದು ಓಕಿನಾವಾದಲ್ಲಿ ಒಂದು ಜನಮತಗಣನೆ ನಡೆಯಿತು. ಹೆನೊಕೊದಲ್ಲಿ ಕಡಲು ಮುಚ್ಚಿ ನೆಲೆ ಕಟ್ಟುವುದು ಬೇಡವೆಂದು ಮತ ಹಾಕಿದವರು ಶೇಕಡ 72ರಷ್ಟು. ಫಲಿತಾಂಶಕ್ಕೆ ಕಾನೂನಿನ ಕಡ್ಡಾಯವಿರಲಿಲ್ಲ, ಕಾಮಗಾರಿ ನಿಲ್ಲಲಿಲ್ಲ. ಆದರೆ ಆ ಜನಮತಗಣನೆಗಾಗಿ ಓಕಿನಾವಾದವರು ಮಾಡಿಕೊಂಡ ನಿಯಮದಲ್ಲಿ ಒಂದು ವಿಶೇಷವಿತ್ತು. ಫಲಿತಾಂಶವನ್ನು ಜಪಾನಿನ ಪ್ರಧಾನಿಗೆ ತಿಳಿಸಬೇಕು, ಅಮೆರಿಕದ ಅಧ್ಯಕ್ಷರಿಗೂ ತಿಳಿಸಬೇಕು ಎಂದು ಅದರಲ್ಲಿ ಬರೆದಿತ್ತು. ತಮ್ಮ ಮೇಲಿನ ಭಾರಕ್ಕೆ ಇಬ್ಬರು ಒಡೆಯರಿದ್ದಾರೆ, ಇಬ್ಬರೂ ಕೇಳಲಿ ಎಂದು ಒಂದು ಪುಟ್ಟ ಪ್ರಾಂತ್ಯದ ಜನ ತಾವೇ ಬರೆದುಕೊಂಡ ಆ ಸಾಲನ್ನು, ಮಿತ್ರರಾಷ್ಟ್ರದೊಂದಿಗಿನ ಬಾಂಧವ್ಯವನ್ನು ಗಟ್ಟಿಗೊಳಿಸುತ್ತೇನೆಂದು ಸಮಿತಿಯ ಮುಂದೆ ಹೇಳುವ ಮುಂದಿನ ನಿಯೋಜಿತರು ಓದಿಕೊಂಡು ಹೋಗಿರಬೇಕೆಂದು ನಾನು ಬಯಸುತ್ತೇನೆ. ಸೆನೆಟರುಗಳಲ್ಲಿ ಒಬ್ಬರಾದರೂ ಅದರ ಬಗ್ಗೆ ಅವರನ್ನು ಕೇಳಬೇಕೆಂದೂ.